ಅಂಪೈರನ ತಮ್ಮ

ಶವಪೆಟ್ಟಿಗೆ ಎತ್ತಲು ಬಗ್ಗಿದ ಐವರೂ ಮತ್ತೆ ನೆಟ್ಟಗಾದರು. ಆರನೆಯ ಹೆಗಲು ಗೇಟಿನಾಚೆಯೇ ನಿಂತಿತ್ತು. ಸತ್ತವನ ತಮ್ಮ ಎಲಿಹಿಯೊ ಈ ಮನೆಗೆ ಕಾಲಿಡದೆ ಒಂದು ಕಾಲವೇ ಆಗಿತ್ತು.

ಯೂಡೋಸಿಯಾ ಗೇಟಿನತ್ತ ನೋಡಿದಳು. ಗಂಡ ನೆರೇಯೊ ಕೊನೆಗೆ ಕೇಳಿದ್ದು ಇಷ್ಟೇ: ತಮ್ಮ ಹೆಗಲು ಕೊಡಲಿ.

ಅಂಗಳದಲ್ಲಿ ಕಾಫಿ ಹೀರುತ್ತಿದ್ದ ಸಾನ್ ಪೆದ್ರೊ ಊರಿನ ಮುದುಕರು ಸಾವಿನ ಮನೆಯಲ್ಲೂ ಬೇಸ್‌ಬಾಲ್ ಆಟಗಾರರ ಮಾತು ಬಿಟ್ಟಿರಲಿಲ್ಲ.

"ಬೇಬ್ ರೂತ್‌ಗಿಂತ ದೊಡ್ಡೋನು ಹುಟ್ಟಿಲ್ಲ ಬಿಡು."

"ಕ್ಲೆಮೆಂಟೆನ ನೋಡಿದ್ರೆ ಹಂಗನ್ತಿರ್ಲಿಲ್ಲ ನೀನು."

"ಆ ಸಾಲಲ್ಲಿ ನಮ್ಮ ಎಲಿಹಿಯೊನೂ ಇರ್ತಿದ್ದ. ಒಡಹುಟ್ಟಿದೋನೇ ಅಡ್ಡಗಾಲು ಹಾಕ್ದ" ಎಂದ ನೆರೆಮನೆಯ ಚೆಪೆ, ಗೇಟಿಗೆ ಕೇಳುವಷ್ಟು ಜೋರಾಗಿ.

*

ಅಣ್ಣತಮ್ಮಂದಿರ ಯೌವನದ ಆ ಫೈನಲ್ ಪಂದ್ಯಕ್ಕೆ, ಆಟಗಾರನೊಬ್ಬನನ್ನು ಆರಿಸಿಕೊಳ್ಳಲು ಅಮೆರಿಕದ ತಂಡದವರು ಬಂದಿದ್ದರು. ಎಲಿಹಿಯೊ ಓಡಿಬಂದು ಹೋಮ್ ಪ್ಲೇಟಿನತ್ತ ಜಾರಿದ. ಆ ಬಿಳಿ ಹಲಗೆ ಮನೆಯ ಹೊಸಿಲಿದ್ದಂತೆ. ಕಾಲು ತಗಲಿದರಷ್ಟೇ ಮನೆ ಸೇರಿದ ಲೆಕ್ಕ. ಧೂಳೆದ್ದಿತು. ಅಂಪೈರ್ ನೆರೇಯೊ ಮುಷ್ಟಿ ಎತ್ತಿದ: ಔಟ್.

"ಮುಟ್ಟಿದ್ದೀನಿ ಕಣೋ. ಕಣ್ಣು ಹೋಗಿದ್ಯಾ ನಿಂಗೆ?"

"ತಗಲ್ಲಿಲ್ಲ."

ಎಲಿಹಿಯೊ ಅಣ್ಣನ ಮುಖಕ್ಕೆ ಗುದ್ದಿದ. ಅಮೆರಿಕದವರು ಬೇರೊಬ್ಬನನ್ನು ಕರೆದುಕೊಂಡು ಹೋದರು. ಎಲಿಹಿಯೊ ಬಾಳೆಲ್ಲ ಕಬ್ಬು ಕಡಿದ.

*

ಯೂಡೋಸಿಯಾ ಗೇಟಿಗೆ ಹೋದಳು. "ಬಾರಪ್ಪ, ಪಾದ್ರಿ ಕಾಯ್ತಿದಾರೆ."

"ಒಂದೇ ಮಾತು ಹೇಳು ಅತ್ತಿಗೆ. ನಾನು ಮುಟ್ಟಿದ್ದೆ ಅಂತ ಅಣ್ಣ ಯಾವತ್ತಾದ್ರೂ ಅಂದಿದ್ನಾ? ಅಂದಿದ್ರೆ ಈಗ್ಲೇ ಹೆಗಲು ಕೊಡ್ತೀನಿ."

ಹೂಂ ಅಂದುಬಿಟ್ಟರೆ ಮುಗಿಯಿತು. ಗಂಡನ ಕೊನೆಯ ಆಸೆಯೂ ತೀರುತ್ತದೆ. ಸುಳ್ಳು ನಾಲಿಗೆಯ ತುದಿಗೆ ಬಂತು. ಆದರೆ ತಗಲ್ಲಿಲ್ಲ ಎಂಬ ಒಂದು ಮಾತಿಗಾಗಿ ಊರಿನ ಶಾಪವನ್ನೆಲ್ಲ ನುಂಗಿದವನು ಒಳಗೆ ಮಲಗಿದ್ದ. ಅವನಿಗೆ ಇವತ್ತು ದ್ರೋಹ ಮಾಡಲು ಅವಳಿಂದ ಆಗಲಿಲ್ಲ.

"ಇಲ್ಲ" ಎಂದಳು. "ತಗಲ್ಲಿಲ್ಲ ಅಂತ್ಲೇ ಅಂದ, ಕೊನೇತನಕ. ಅಂದಾಗೆಲ್ಲ ಅಳ್ತಿದ್ದ."

ಎಲಿಹಿಯೊ ನೆಲ ನೋಡಿದ. ಹೊರಟೇ ಹೋಗುತ್ತಾನೆ ಎಂದುಕೊಂಡಳು. ಅವನು ಟೋಪಿ ತೆಗೆದು, ಅವಳನ್ನು ದಾಟಿ ಒಳಗೆ ನಡೆದ. ಪೆಟ್ಟಿಗೆಯ ಹಿಂದಿನ ಮೂಲೆಗೆ ಹೆಗಲು ಕೊಟ್ಟ.

ಪೆಟ್ಟಿಗೆ ಬಾಗಿಲು ದಾಟಿತು. ಎಲಿಹಿಯೊ ಹೊಸಿಲಿಗೆ ಕಾಲು ತಗಲಿಸದೆ ದಾಟಿ ಒಂದು ಹೆಜ್ಜೆ ಇಟ್ಟವನೇ ನಿಂತುಬಿಟ್ಟ.

"ಯಾಕಯ್ಯಾ, ಭಾರ ಆಯ್ತಾ?" ಎಂದ ಚೆಪೆ.

ಎಲಿಹಿಯೊ ಅಣ್ಣನ ಭಾರ ಹೆಗಲ ಮೇಲಿದ್ದಂತೆಯೇ ಬಲಗಾಲನ್ನು ಹಿಂದಕ್ಕೆ ತಂದು, ಹೊಸಿಲಿನ ನಟ್ಟನಡುವೆ ಇಟ್ಟು ಒತ್ತಿದ, ಎಲ್ಲರಿಗೂ ಕಾಣುವ ಹಾಗೆ.