ದೇವಪ್ಪನ ಕುಣಿ, ನೇತ್ರಾಳ ಕಾಲು

ಮಗ್ಗದ ಸಪ್ಪಳ ಕಿವಿಗೆ ಬಿದ್ದರೇ ಗುರುಲಿಂಗವ್ವನಿಗೆ ತುತ್ತು ಇಳಿಯುತ್ತಿತ್ತು. ಇಳಕಲ್ಲಿನ ಆ ಓಣಿಯಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಬೆಳಗಾಯಿತೆಂದರೆ ಈ ತುದಿಯಿಂದ ಆ ತುದಿಯವರೆಗೆ ಖಟಕ್ ಖಟಕ್. ಅಷ್ಟು ಸಪ್ಪಳದೊಳಗೆ ತನ್ನ ಗಂಡ ದೇವಪ್ಪನ ಮಗ್ಗ ಯಾವುದೆಂದು ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಈಗ ದೇವಪ್ಪ ಇಲ್ಲ. ಓಣಿಯ ಮಗ್ಗಗಳಲ್ಲೂ ಹೆಚ್ಚಿನವು ಇಲ್ಲ. ಅವನ ಕುಣಿಯಲ್ಲಿ ಸೊಸೆ ನೇತ್ರಾ ಕೂರುತ್ತಾಳೆ. ಸೋಮವಾರಕ್ಕೊಮ್ಮೆ ಗುರುಲಿಂಗವ್ವ ಕುಣಿಯ ಅಂಚಿಗೆ ವಿಭೂತಿ ಹಚ್ಚಿ ಹೂವಿಟ್ಟು, "ಅವರು ಕೈಯಾರೆ ತೋಡಿದ್ದು. ಇದ್ರಾಗಿನ ಒಂದು ಹರಳೂ ಅಲುಗಬಾರದು" ಎನ್ನುತ್ತಿದ್ದಳು.

ಆದರೆ ಈಚೆಗೆ ಸಪ್ಪಳ ಕುಂಟತೊಡಗಿತ್ತು. ಖಟಕ್... ಸ್ವಲ್ಪ ತಡೆದು, ಖಟಕ್. ನೇತ್ರಾಳ ಬಲಭುಜ ಹಿಡಿದುಕೊಂಡಿತ್ತು. ಬೆರಳು ಜೋಮು ಹಿಡಿಯುತ್ತಿದ್ದವು. ಮಗಳಿಗೆ ಜಡೆ ಹಾಕಲು ಕೈ ಮೇಲೇಳುತ್ತಿರಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು, ಸೂಜಿ ಮಾಡಿಸಿದ್ದಾಯಿತು. ನಾಲ್ಕು ದಿನ ತಣ್ಣಗೆ, ಆಮೇಲೆ ಮತ್ತೆ ಅದೇ ಗೋಳು.

"ಯವ್ವಾ, ಈ ಸೀರಿ ನೇಯ್ದು ಇಳಿಸಿದ್ ಮ್ಯಾಲೆ ಮಗ್ಗ ಬಿಚ್ಚಿಬಿಡೂಣು," ಎಂದ ಮಗ ಶ್ರೀಶೈಲ. "ಆಕಿ ಕೈನ ಹೋದ್ರ ಮಗ್ಗ ಇಟ್ಕೊಂಡು ಏನ್ ಮಾಡೋದು?"

ಗುರುಲಿಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ತಿರುಗಿದಳು. "ಮಗ್ಗ ಅಂದ್ ಮ್ಯಾಲೆ ಮೈನೋವು ಇದ್ದದ್ದಪಾ. ನಿಮ್ಮಪ್ಪ ಇದ್ರಾಗ ಕುಂತ ಮುದುಕ ಆದ್ರು. ಒಂದಿನಾ ನೋವು ಅಂದಿಲ್ಲ."

ನೇತ್ರಾ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ ಕುಳಿತಳು.

ಮರುದಿನ ಹಿಂದಿನ ಓಣಿಯ ಮುರ್ತುಜಸಾಬನ ಮೊಮ್ಮಗಳು ಮುಬಶೀರಾಳನ್ನು ಶ್ರೀಶೈಲನೇ ಕರೆತಂದ. ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಕಲಿತು, ಅಲ್ಲಿಯೇ ದವಾಖಾನೆಯೊಂದರಲ್ಲಿ ಕೆಲಸಕ್ಕಿದ್ದವಳು ಹಬ್ಬಕ್ಕೆ ಊರಿಗೆ ಬಂದಿದ್ದಳು. ನೇತ್ರಾಳ ಕುತ್ತಿಗೆ, ಭುಜ, ಬೆರಳು ನೋಡಿದ ಮೇಲೆ, "ಅಕ್ಕಾ, ದಿನಾ ಹೆಂಗ ನೇಯ್ತೀರಿ, ಹಂಗ ಸ್ವಲ್ಪ ನೇಯ್ರಿ" ಎಂದು ಮೊಬೈಲು ಹಿಡಿದಳು. ಎದುರಿನಿಂದ ಒಮ್ಮೆ, ಕುಣಿಯೊಳಗಿನ ಕಾಲೂ ಕಾಣುವಂತೆ ಬಗ್ಗಿ ಪಕ್ಕದಿಂದ ಒಮ್ಮೆ.

"ಏನ ಬೇ, ರೀಲ್ಸ್ ಮಾಡಾಕ ಬಂದೀಯೇನ?" ಎಂದಳು ಗುರುಲಿಂಗವ್ವ. "ಆಕಿ ತಲಿನೂ ಬಾಚ್ಕೊಂಡಿಲ್ಲ!"

"ರೀಲ್ಸಿಗೆ ನಿಮ್ಮನ್ನ ಹಿಡೀತೇನಿ ಆಯಿ, ಊರೆಲ್ಲಾ ನೋಡ್ತಾರ. ಇದು ನಾವಷ್ಟ ನೋಡೋದು."

"ಫೋಟೋ ತಗದ್ರ ನೋವು ಹೋಗತೈತೇನ?"

"ನೋವು ಎಲ್ಲೈತಿ ಅಂತ ಅಕ್ಕಗ ಗೊತ್ತೈತಿ. ಅದು ಎಲ್ಲಿಂದ ಹೊಂಟೈತಿ ಅಂತ ಇದು ತೋರಿಸ್ತೈತಿ."

ಅವಳು ವಿಡಿಯೋವನ್ನು ತೀರಾ ನಿಧಾನವಾಗಿ ಓಡಿಸಿದಳು. ಎಲ್ಲರೂ ಬಗ್ಗಿ ನೋಡಿದರು. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹಗ್ಗ ಜಗ್ಗಿದಾಗಲೆಲ್ಲ ನೇತ್ರಾಳ ಭುಜ ಕಿವಿಯ ಹತ್ತಿರ ಹೋಗುತ್ತಿತ್ತು. ಹಗ್ಗದ ಹಿಡಿ ಎತ್ತರದ ಆಳು ದೇವಪ್ಪನ ಅಳತೆಗೆ ಕಟ್ಟಿದ್ದು. ತುಳಿಯುವ ಹೊತ್ತಿಗೆ ಅವಳು ಕೂತಲ್ಲಿಂದ ಮುಂದೆ ಜಾರಿ, ಸೊಂಟ ಒಂದು ಬದಿಗೆ ವಾಲಿಸುತ್ತಿದ್ದಳು.

"ಜಾರತಾರ ಯಾಕ, ಹೇಳ್ರಿ?" ಮುಬಶೀರಾ ಪರದೆಯ ಕೆಳಭಾಗವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಕುಣಿಯೊಳಗೆ ನೇತ್ರಾಳ ಕಾಲಿನ ಹೆಬ್ಬೆರಳಿನ ತುದಿಯಷ್ಟೇ ತುಳಿಯುವ ಹಲಗೆಗೆ ತಾಗುತ್ತಿತ್ತು. ಹಿಮ್ಮಡಿ ಗಾಳಿಯಲ್ಲಿ ಜೋತಾಡುತ್ತಿತ್ತು. "ಕಾಲಿಗೆ ನೆಲಿ ಇಲ್ಲ. ಅದರ ಭಾರ ಸೊಂಟ ಹೊರತೈತಿ, ಸೊಂಟದ್ದು ಭುಜ ಹೊರತೈತಿ. ದಿನಪೂರ್ತಿ ಹಿಂಗಾದ್ರ ಎಣ್ಣಿ ಏನ್ ಮಾಡೀತು ಪಾಪ?"

ಗುರುಲಿಂಗವ್ವ ಆ ಹಿಮ್ಮಡಿಯನ್ನೇ ನೋಡುತ್ತಿದ್ದಳು. "ಮತ್ತೊಮ್ಮೆ ಹಚ್ಚವಾ," ಎಂದಳು. ಮತ್ತೊಮ್ಮೆ ನೋಡಿದಳು. ಅವಳ ದನಿ ಬದಲಾಯಿತು.

"ನನ್ನ ಕಾಲೂ ಹಿಂಗ ಜೋತಾಡ್ತಿದ್ವು."

ಹೊಸದಾಗಿ ಮದುವೆಯಾಗಿ ಬಂದ ವರ್ಷ. ದೇವಪ್ಪ ಸೀರೆಯ ಗಂಟು ಹೊತ್ತು ಹುನಗುಂದ, ಬಾದಾಮಿ ಕಡೆ ಮಾರಲು ಹೋದಾಗ ಮಗ್ಗದಲ್ಲಿ ಕೂರುತ್ತಿದ್ದವಳು ಅವಳೇ. ಒಂದು ಸಂಜೆ ಅವನು ಕುಣಿಯ ಅಂಚಿನಲ್ಲಿ ನಿಂತು ಅವಳ ಕಾಲು ನೋಡಿದ. ಮರುದಿನ ಕೆಂಪು ಕಲ್ಲಿನ ಚಪ್ಪಡಿಯೊಂದನ್ನು ಹೊತ್ತು ತಂದು ಕುಣಿಯ ತಳಕ್ಕಿಳಿಸಿ, ಅದರ ಮೇಲೆ ತುಳಿಯುವ ಹಲಗೆ ಏರಿಸಿ, "ಈಗ ತುಳಿ" ಎಂದಿದ್ದ. ಮಗ ಹುಟ್ಟಿ ಅವಳು ಮಗ್ಗ ಬಿಟ್ಟ ಮೇಲೆ, ತನ್ನ ಉದ್ದ ಕಾಲಿಗೆ ಅಡ್ಡವೆಂದು ಅವನೇ ಅದನ್ನು ತೆಗೆದು ಹಿತ್ತಲಿಗೆ ಹಾಕಿದ್ದ.

"ಶ್ರೀಶೈಲಾ, ಹಿತ್ತಲದಾಗ ಅರಿವಿ ಒಗಿಯೋ ಕಲ್ಲು ಐತೆಲ್ಲ, ಎತ್ಗೊಂಡು ಬಾ."

"ಅದ್ಯಾಕಬೇ ಈಗ?"

"ಅದು ಒಗಿಯೋ ಕಲ್ಲಲ್ಲೋ ಮಗನ. ನಿಮ್ಮಪ್ಪ ನನ್ನ ಕಾಲಿಗೆ ತಂದದ್ದು. ಇಷ್ಟ್ ವರ್ಷ ಅದರ ಮ್ಯಾಲೆ ನಿನ್ನ ಚಡ್ಡಿ ಬಡಿದ್ ಬಡಿದ್ ಮರತಬಿಟ್ಟಿದ್ದೆ!"

ನೇತ್ರಾ ನೋವು ಮರೆತು ನಕ್ಕಳು. "ಅತ್ತೀ, ಹರಳೂ ಅಲುಗಬಾರದು ಅಂತಿದ್ರಿ?"

"ಅಂದಿದ್ದೆ. ಅವರ ಇದ್ದಿದ್ರ ನಿನ್ನ ಕಾಲು ನೋಡಿ ಎಂದೋ ಇಳಸ್ತಿದ್ರು."

ಕಲ್ಲು ಕುಣಿಗಿಳಿಯಿತು. ಹಲಗೆಯ ಹಗ್ಗ ಗಿಡ್ಡವಾಯಿತು. ಲಾಳಿಯ ಹಿಡಿ ಮೊಣಕೈ ಮಟ್ಟಕ್ಕೆ ಇಳಿಯಿತು. ಮುಬಶೀರಾ ಮತ್ತೆ ವಿಡಿಯೋ ಹಿಡಿದು ಹಳೆಯದರ ಜೊತೆಗಿಟ್ಟು ತೋರಿಸಿದಳು. ಪೂರ್ತಿ ಪಾದ ಹಲಗೆಯ ಮೇಲಿತ್ತು, ಭುಜ ತನ್ನ ಜಾಗದಲ್ಲೇ ಇತ್ತು. "ಕಲ್ಲು ಇಳಿಸಿದ ಕೂಡಲೇ ನೋವು ಓಡೂದಿಲ್ಲ ಅಕ್ಕಾ. ಕೆಲವು ದಿನ ಕೈಗೆ ವಿಶ್ರಾಂತಿ ಕೊಡ್ರಿ, ನಾ ಹೇಳಿದ ವ್ಯಾಯಾಮ ಮಾಡ್ರಿ. ಆಮ್ಯಾಲೆ ನೇಯುವಾಗ ನಡುನಡುವೆ ಎದ್ದು ಅಡ್ಡಾಡ್ರಿ. ಜೋಮು ಹೋಗಲಿಲ್ಲ ಅಂದ್ರ ಡಾಕ್ಟ್ರಿಗೆ ತೋರಿಸಬೇಕು."

ಶ್ರೀಶೈಲ ಮಗ್ಗ ಬಿಚ್ಚುವ ಮಾತು ಮತ್ತೆ ಎತ್ತಲಿಲ್ಲ. ಒಗೆಯಲು ಬೇರೆ ಕಲ್ಲು ಹುಡುಕುವ ಕೆಲಸ ಮಾತ್ರ ಅವನ ತಲೆಗೆ ಬಂತು.

ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ, ಮಗಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿ ನೇತ್ರಾ ಕುಣಿಗಿಳಿದಳು. ಒಲೆಯ ಮುಂದೆ ಗುರುಲಿಂಗವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಖಟಕ್ ಖಟಕ್, ಖಟಕ್ ಖಟಕ್. ಎಲ್ಲೂ ಕುಂಟಲಿಲ್ಲ. ಕಣ್ಣು ಮುಚ್ಚಿ ಕೇಳಿದಳು. ದೇವಪ್ಪನದಕ್ಕಿಂತ ತುಸು ಚುರುಕು. ಇನ್ನು ಮೇಲೆ ನೂರು ಮಗ್ಗದ ನಡುವೆಯೂ ಇದು ನೇತ್ರಾಳದೆಂದು ಅವಳು ಹೇಳಬಲ್ಲಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ಮಗ್ಗದಲ್ಲಿ ಕೂರುತ್ತಿರಬಹುದು, ಹೊಲಿಗೆ ಯಂತ್ರ ತುಳಿಯುತ್ತಿರಬಹುದು, ಕಲ್ಲು ಒಡೆಯುತ್ತಿರಬಹುದು, ಕಚೇರಿಯಲ್ಲಿ ಕಂಪ್ಯೂಟರು ಒತ್ತುತ್ತಿರಬಹುದು. ಕೆಲಸ ಅಂದಮೇಲೆ ನೋವು ಇದ್ದದ್ದೇ ಎಂದು ನುಂಗಿಕೊಳ್ಳಬೇಡಿ. ನೀವು ಕೆಲಸ ಮಾಡುವುದನ್ನು ಮನೆಯವರಿಂದ ಪಕ್ಕದಿಂದೊಮ್ಮೆ ವಿಡಿಯೋ ಹಿಡಿಸಿ, ನಿಧಾನಕ್ಕೆ ಓಡಿಸಿ ನೋಡಿ. ಕಾಲು ನೆಲ ಮುಟ್ಟಿದೆಯೇ? ಭುಜ ಮೇಲೇರಿದೆಯೇ? ಬೆನ್ನು ವಾಲಿದೆಯೇ? ನೋವು ಬಿಡದಿದ್ದರೆ, ಜೋಮು ಹಿಡಿದರೆ, ಆ ವಿಡಿಯೋ ತೆಗೆದುಕೊಂಡು ವೈದ್ಯರ ಹತ್ತಿರವೋ ಫಿಸಿಯೋಥೆರಪಿಯವರ ಹತ್ತಿರವೋ ಹೋಗಿ. ಹಿರಿಯರ ಮಗ್ಗ ಉಳಿಯಬೇಕಾದರೆ ಅದರಲ್ಲಿ ಕೂರುವವರ ಮೈ ಉಳಿಯಬೇಕು. ನಿಮ್ಮ ಕಾಲಿಗೆ ಬೇಕಾದ ಕಲ್ಲು ನಿಮ್ಮ ಹಿತ್ತಲಲ್ಲೇ ಬಿದ್ದಿರಬಹುದು. ಇವತ್ತೇ ಹುಡುಕಿ.