ಅಕ್ಕನ ಮಖಮಲ್ಲು

ತೆಜೆನ್ ಊರಿನ ಅಕ್ಜಮಾಲ್ ಪುಟ್ಟ ಮಗಳು ಸೆಲ್ಬಿಯನ್ನು ಬಿಟ್ಟು ಜ್ವರದಲ್ಲಿ ತೀರಿಕೊಂಡಳು. ವರ್ಷ ಕಳೆದ ಮೇಲೆ ಹಿರಿಯರು ಕೂತು, ಅವಳ ತಂಗಿ ಬೊಸ್ತಾನಳನ್ನು ಭಾವನಿಗೇ ಕೊಡುವುದೆಂದು ಮಾತು ಮುಗಿಸಿದರು. ಬೊಸ್ತಾನಳನ್ನು ಯಾರೂ ಕೇಳಲಿಲ್ಲ. ಮದುವೆಗೆಂದು ಸತ್ತವಳ ಕೆಂಪು ಮಖಮಲ್ಲಿನ ಉದ್ದಂಗಿಯನ್ನೇ ತಾಯಿ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು.

"ಸೊಂಟದ ಹತ್ರ ಸ್ವಲ್ಪ ಹಿಡಿದ್ರೆ ಸಾಕು."

"ಬೇರೆ ಬಟ್ಟೆ ಇಲ್ವೇನಮ್ಮಾ?"

"ಇಂಥ ಮಖಮಲ್ಲು ಮತ್ತೆಲ್ಲಿ ಸಿಗುತ್ತೆ? ಆ ಮಗೂನ ಹೊರಗಿನೋಳ ಕೈಗೆ ಹಾಕ್ಲಾ, ನೀನೇ ಹೇಳು."

ಬೊಸ್ತಾನ್ ಹಳೆಯ ಹೊಲಿಗೆ ಬಿಚ್ಚಿ, ಬದಿಗಳನ್ನು ಒಳಕ್ಕೆ ಹಿಡಿದು ಹೊಲಿದಳು. ಮೊಣಕೈ ಬಳಿ ಅಕ್ಕ ತೊಟ್ಟು ಸವೆಸಿದ ಕಡೆ ಮಖಮಲ್ಲಿನ ನವಿರು ಮಲಗಿಬಿಟ್ಟಿತ್ತು. ಹಬೆಗೆ ಹಿಡಿದು ಎಷ್ಟು ಉಜ್ಜಿದರೂ ಏಳಲಿಲ್ಲ.

ಅಳತೆ ನೋಡಲು ತೊಟ್ಟು ನಿಂತಾಗ ಸೆಲ್ಬಿ ಓಡಿಬಂದು, ಹಿಂದಿನಿಂದ ಅಂಗಿಗೆ ಮುಖ ಒತ್ತಿ "ಅಮ್ಮಾ" ಎಂದಳು. ಬೊಸ್ತಾನ್ ತಿರುಗಿದಳು. ಮಗು ಹಿಂದೆ ಸರಿಯಿತು.

"ಚಿಕ್ಕಮ್ಮಾ, ಬಿಚ್ಚು. ಅದು ಅಮ್ಮಂದು."

"ಹೂಂ ಕಣೇ, ಅಮ್ಮಂದೇ," ಎಂದು ಬೊಸ್ತಾನ್ ಗುಂಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಅವಳ ತಾಯಿ ಬಂದು ಮಗುವನ್ನು ಎತ್ತಿಕೊಂಡಳು.

"ಅಭ್ಯಾಸ ಆಗುತ್ತೆ ಬಿಡು," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಶುಕ್ರವಾರ ಅದನ್ನೇ ತೊಟ್ಟು ಬೊಸ್ತಾನ್ ಭಾವನ ಮನೆ ಸೇರಿದಳು. ಚಳಿಗಾಲ ಮುಗಿಯುವವರೆಗೂ ಸೆಲ್ಬಿ ಅವಳ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ.