ಹೊಸ್ತಿಲಲ್ಲಿ ಹೇಳುವ ಮಾತು

ಶಶಿ ಮಾಮಿ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾದ ದಿನವೇ ಅಪ್ಪ ಬೊಳ್ಳುವಿನ ವಿಷಯವನ್ನೂ ನಿಶ್ಚಯಿಸಿಬಿಟ್ಟರು. ಮಾಮಿ ಎಂದರೆ ಅಪ್ಪನ ಅಕ್ಕ. ಜಾರಿಬಿದ್ದು ಸೊಂಟದ ಮೂಳೆ ಮುರಿದು, ಮಂಗಳೂರಿನಲ್ಲಿ ಆಪರೇಷನ್ ಆಗಿ, ಈಗ ವಾಕರ್ ಹಿಡಿದು ಮೆಲ್ಲ ಹೆಜ್ಜೆ ಇಡುವಷ್ಟಾಗಿದ್ದರು. ಮುಂಡಾಜೆಯ ಅವರ ಮನೆಗೆ ರಸ್ತೆಯಿಂದ ಕಡಿದಾದ ಮೆಟ್ಟಿಲು ಹತ್ತಬೇಕು. ಪಾಣೆಮಂಗಳೂರಿನ ನಮ್ಮ ಮನೆಗಾದರೆ ಒಂದು ಹೊಸ್ತಿಲು ದಾಟಿದರೆ ಆಯಿತು. ಇನ್ನೊಮ್ಮೆ ಬಿದ್ದರೆ ಮತ್ತೆ ನಡೆಯುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬೊಳ್ಳು ನಮ್ಮ ನಾಯಿ. ಮೈಯೆಲ್ಲ ಬಿಳಿ, ಒಳ್ಳೆಯ ಎತ್ತರ. ಯಾರನ್ನೂ ಕಚ್ಚಿದವನಲ್ಲ. ಆದರೆ ಮನೆಗೆ ನೆಂಟರು ಬಂದರೆ ಓಡಿ ಹೋಗಿ ಮುಂಗಾಲೆತ್ತಿ ಎದೆಗೇ ಹಾರುತ್ತಾನೆ. ವಿಟ್ಲದಿಂದ ಮದುವೆ ಕಾಗದ ಕೊಡಲು ಬಂದವರ ರೇಷ್ಮೆ ಸೀರೆಯ ಮೇಲೆ ಕೆಸರಿನ ಪಂಜ ಒತ್ತಿ ಕಳಿಸಿದ್ದ. ಕಟ್ಟಿದರೆ ಊಳಿಡುತ್ತಾನೆ. ಕೋಣೆಗೆ ಹಾಕಿದರೆ ಉಗುರಿನಲ್ಲಿ ರಕ್ತ ಬರುವವರೆಗೆ ಬಾಗಿಲು ಕೆರೆಯುತ್ತಾನೆ.

ಮಾಮಿಯನ್ನು ಬಿಡಲು ಬರುವ ಅವರ ಮಗ ಜಿತೇಶ್ ಭಾವ ಹೋಗುವಾಗ ಬೊಳ್ಳುವನ್ನು ಕರೆದುಕೊಂಡು ಹೋಗಲಿ ಎಂದರು ಅಪ್ಪ. ಭಾವನಿಗೆ ರಬ್ಬರ್ ತೋಟದ ಶೆಡ್ಡಿನ ಹತ್ತಿರ ಕಟ್ಟಲು ಒಂದು ನಾಯಿ ಬೇಕಾಗಿತ್ತು. ಅಲ್ಲಿ ಮೊದಲಿದ್ದ ನಾಯಿಯನ್ನು ಕಟ್ಟಿದಲ್ಲಿಂದಲೇ ಚಿರತೆ ಹೊತ್ತುಕೊಂಡು ಹೋಗಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ನಾನು ಊಟ ಬಿಟ್ಟೆ. ವಾದ ಮಾಡಲು ನನಗೆ ಬರುವುದಿಲ್ಲ. ಮೂಡಬಿದಿರೆಯಲ್ಲಿ ಡಿಗ್ರಿ ಮುಗಿಸಿ ಬಂದರೂ ಮನೆಗೆ ನೆಂಟರು ಬಂದರೆ ಅಡುಗೆಮನೆಯ ಬಾಗಿಲಿನ ಹಿಂದೆಯೇ ನನ್ನ ಜಾಗ. ಎರಡನೆಯ ದಿನ ಅಪ್ಪ ಸ್ವಲ್ಪ ಮೆತ್ತಗಾದರು.

“ಅಕ್ಕ ಒಳಗೆ ಬಂದು ಕುರ್ಚಿಯಲ್ಲಿ ಕೂತುಕೊಳ್ಳುವವರೆಗೆ ಇವ ಜಾಗ ಬಿಟ್ಟು ಏಳದಿದ್ದರೆ ಇರ್ಲಿ. ಎದ್ದರೆ ಹೋಗ್ಲಿ. ಮತ್ತೆ ನನ್ನ ಹತ್ರ ಅಳ್ಬೇಡ.”

ಅಂದಿನಿಂದ ಚಾವಡಿಯ ಮೂಲೆಯಲ್ಲಿ ಗೋಣಿ ಹಾಸಿ, ಕೈಯಲ್ಲಿ ಬಿಸ್ಕತ್ತು ಹಿಡಿದು ಬೊಳ್ಳುವಿಗೆ ಕೂರಲು ಕಲಿಸಿದೆ. ‘ಕುಲ್ಲು’ ಎಂದರೆ ಕೂರುತ್ತಿದ್ದ. ಆದರೆ ಮನೆಗೆ ಯಾರಾದರೂ ಬಂದರೆ ನನ್ನ ಕಲಿಸುವಿಕೆಯೆಲ್ಲ ನೀರುಪಾಲು.

ಒಂದು ಸಂಜೆ ಮೀಟರ್ ನೋಡುವವರು ಬಂದರು. ಅವರು ಬಯಲುಸೀಮೆಯ ಕಡೆಯವರು, ನಮ್ಮ ಮನೆಮಾತು ತುಳು ಅವರಿಗೆ ಬಾರದು. ಅಮ್ಮ ಕನ್ನಡದಲ್ಲಿ “ಬನ್ನಿ, ಒಳಗೆ ಉಂಟು” ಎಂದಳು. ಬೊಳ್ಳು ಗೋಣಿಯ ಮೇಲೆಯೇ ಬಾಲ ಬಡಿದು ಸುಮ್ಮನಾದ. ನನಗೆ ಆಶ್ಚರ್ಯ. ಅವರು ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ರಿಫಾ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಅಮ್ಮ ತುಳುವಿನಲ್ಲಿ “ಬಲ ರಿಫಾ” ಎಂದದ್ದೇ ತಡ, ಬೊಳ್ಳು ಬಾಣದಂತೆ ಹಾರಿದ. ರಿಫಾಳ ಲೋಟ ಉರುಳಿ ಅಂಗಳಕ್ಕೆ ಹೋಯಿತು.

ಆಗ ಹೊಳೆಯಿತು. ತುಳುವಿನಲ್ಲಿ ‘ಬಲ’ ಎಂದರೆ ಬಾ, ದೊಡ್ಡವರಿಗಾದರೆ ‘ಬಲೆ’. ನಾವು ಬೊಳ್ಳುವನ್ನು ಊಟಕ್ಕೆ ಕರೆಯುವುದೂ ‘ಬಲ’ ಎಂದೇ. ನೆಂಟರು ಬಂದಾಗಲೆಲ್ಲ ನಾವೇ ಅವನನ್ನು ಕರೆಯುತ್ತಿದ್ದೆವು. ನಾವು ಹೇಳಿದ ಮಾತನ್ನು ಅವನು ಕೇಳುತ್ತಿದ್ದ, ಅಷ್ಟೆ.

ಮಾಮಿಯನ್ನು ಕನ್ನಡದಲ್ಲಿ ‘ಬನ್ನಿ’ ಎಂದು ಕರೆದರೆ ಆಯಿತು ಎಂದೆ. ಅಮ್ಮ ಸೌಟು ಕೆಳಗಿಟ್ಟಳು.

“ಗಂಡನ ಅಕ್ಕನಿಗೆ ಕನ್ನಡದಲ್ಲಿ ಬನ್ನಿ ಅನ್ನುವುದಾ? ಬ್ಯಾಂಕಿನ ಮೇನೇಜರಿಗೆ ಹೇಳಿದ ಹಾಗೆ? ನಿನಗೆ ಮಾಮಿ ಗೊತ್ತಿಲ್ವಾ?”

ಗೊತ್ತಿತ್ತು. ಬೆಳ್ತಂಗಡಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಬಾಗಿಲಲ್ಲಿ ಯಾರೂ ‘ಬಲೆ’ ಎನ್ನಲಿಲ್ಲವೆಂದು, ಹೊಸ್ತಿಲು ತುಳಿಯದೆ ತಿರುಗಿ ಬಂದವರು ಮಾಮಿ. ಮಾಮಿಗೆ ಮೊದಲೇ ಫೋನು ಮಾಡಿ ವಿಷಯ ಹೇಳು, ಹಾಗಾದರೆ ಒಪ್ಪುತ್ತೇನೆ ಎಂದಳು ಅಮ್ಮ. ನಾನು ನಂಬರು ತೆಗೆದು ನೋಡಿದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಾ ಕೂತೆ. ಫೋನು ಮಾಡದೆಯೇ ಮಾಮಿ ಬರುವ ಶನಿವಾರ ಬಂತು. ನಾನು ಮಾಮಿಗೆ ವಿಷಯ ಹೇಳಿಯಾಗಿದೆ ಎಂದೇ ಅಮ್ಮ ನಂಬಿದ್ದಳು.

ಭಾವನ ಓಮ್ನಿ ಅಂಗಳದಲ್ಲಿ ನಿಂತಾಗ ನಾನು ಗೋಣಿಯ ಪಕ್ಕ ಕೂತಿದ್ದೆ. ಬೊಳ್ಳುವಿನ ಹಗ್ಗ ನನ್ನ ಕೈಯಲ್ಲಿತ್ತು. ಅವನು ನಿಜವಾಗಿ ಎಳೆದರೆ ನಾನು ನಿಲ್ಲುವವಳಲ್ಲ. ಜಿತೇಶ್ ಭಾವ ಮಾಮಿಯನ್ನು ಇಳಿಸಿ ಬಾಗಿಲವರೆಗೆ ನಡೆಸಿ ತಂದು, ಚೀಲ ತೆಗೆಯಲು ಹಿಂದೆ ಹೋದರು. ಮಾಮಿ ತುಂಬಾ ಸೊರಗಿದ್ದರು. ವಾಕರನ್ನು ಎತ್ತಿ ಹೊಸ್ತಿಲಿನ ಈಚೆ ಊರಿ, ಒಂದು ಕಾಲು ಒಳಗಿಟ್ಟು, ಅಮ್ಮನ ಮುಖ ನೋಡಿದರು.

“ಬನ್ನಿ,” ಎಂದಳು ಅಮ್ಮ. “ಒಳಗೆ ಬನ್ನಿ.”

ಬೊಳ್ಳು ಏಳಲಿಲ್ಲ. ಮಾಮಿಯೂ ಮುಂದೆ ಬರಲಿಲ್ಲ.

“ಯಾರಿಗೆ ಹೇಳಿದ್ದು?” ಅವರು ಕೇಳಿದ್ದು ತುಳುವಿನಲ್ಲಿ, ಮುಂದಿನ ಮಾತೆಲ್ಲ ತುಳುವೇ. ಅಮ್ಮ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

“ನಾನು ತಾಲೂಕು ಆಫೀಸಿಗೆ ಬಂದದ್ದು ಅಂತ ಗೊತ್ತಿರಲಿಲ್ಲ. ಜಿತೇಶ, ಚೀಲ ಇಳಿಸ್ಬೇಡ.”

ಅಷ್ಟು ಹೇಳಿ ಅವರು ತಿರುಗತೊಡಗಿದರು. ಒಂದು ಕಾಲು ಒಳಗೆ, ಒಂದು ಹೊರಗೆ. ವಾಕರಿನ ಒಂದು ಮೂಲೆ ಹೊಸ್ತಿಲಿಗೆ ತಾಗಿ ಅಲ್ಲಾಡಿತು. ಅಪ್ಪ ಕೈ ಚಾಚಿ ಮುಂದೆ ನುಗ್ಗಿದರು, ಅವರ ತುಟಿ ಆ ಮಾತಿಗೆ ಕೂಡುವುದನ್ನು ಕಂಡೆ. ಬೊಳ್ಳುವಿನ ಹಿಂಗಾಲು ಆಗಲೇ ನಡುಗುತ್ತಿತ್ತು.

“ಅಪ್ಪ, ಹೇಳ್ಬೇಡಿ.”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಪ್ಪ ನಿಂತರು. ಮಾಮಿಯೂ ನಿಂತರು.

“ತಪ್ಪು ಅಮ್ಮನದ್ದಲ್ಲ ಮಾಮಿ. ನಿಮಗೆ ಫೋನು ಮಾಡ್ಬೇಕಿದ್ದದ್ದು ನಾನು. ನೆಂಟರನ್ನು ಕರೆಯುವ ಮಾತು ಕೇಳಿದರೆ ಬೊಳ್ಳು ತನ್ನನ್ನೇ ಕರೆದದ್ದು ಅಂತ ಹಾರ್ತಾನೆ. ನೀವು ಬೀಳ್ತೀರಿ. ಅದಕ್ಕೆ ಕನ್ನಡದಲ್ಲಿ ಹೇಳಿದ್ದು.”

“ಯಾವ ಮಾತು?”

“ಅದನ್ನು ಈಗ ಹೇಳ್ಲಿಕ್ಕಾಗುವುದಿಲ್ಲ.”

“ಏನು, ಬ...”

“ಹೇಳ್ಬೇಡಿ ಮಾಮಿ.”

ಹೊರಗೆ ಜಿತೇಶ್ ಭಾವ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮಾಮಿ ನಗಲಿಲ್ಲ. ಬೊಳ್ಳುವನ್ನು ನೋಡಿದರು. ಅವನ ಕಿವಿ ಎರಡೂ ಅವರ ಬಾಯಿಯ ಕಡೆಗೇ ನೆಟ್ಟಿದ್ದವು.

“ಅಂದ್ರೆ ಈ ಮನೆಯಲ್ಲಿ ನನಗೂ ನಾಯಿಗೂ ಒಂದೇ ಮಾತಾ?”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೇರೇನೂ ತೋಚದೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅವನಿಗೆ ಏಕವಚನ ಮಾಮಿ, ನಿಮಗೆ ಬಹುವಚನ. ಅವನಿಗೆ ವ್ಯಾಕರಣ ಬರುವುದಿಲ್ಲ.”

ಮಾಮಿಯ ಹಣೆಯಲ್ಲಿ ಬೆವರಿತ್ತು, ನಿಂತು ನಿಂತು ಕಾಲು ಸೋಲುತ್ತಿತ್ತು. ಅಪ್ಪ ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದರು. ವಾಕರನ್ನು ಮತ್ತೆ ಒಳಗಿನ ಕಡೆಗೆ ತಿರುಗಿಸಿ ಎರಡನೆಯ ಕಾಲನ್ನು ಹೊಸ್ತಿಲು ದಾಟಿಸಿದರು. ಬೊಳ್ಳು ಅರ್ಧ ಎದ್ದ. “ಕುಲ್ಲು,” ಎಂದೆ, ಉಸಿರಿನಲ್ಲಿ. ಅವನು ಕುಂಯ್ ಎಂದು ಕೂತ. ಮಾಮಿ ಅವನ ಎದುರಿನಿಂದಲೇ ಹೋಗಬೇಕಿತ್ತು. ವಾಕರ್ ಎತ್ತಿದರು, ಇಟ್ಟರು, ಎತ್ತಿದರು. ಹಗ್ಗ ನನ್ನ ಅಂಗೈಯನ್ನು ಕೊಯ್ಯುತ್ತಿತ್ತು. ಕುರ್ಚಿಯ ಕೈ ಸಿಕ್ಕಿದ ಮೇಲೆ ಅವರು ಕಣ್ಣು ಮುಚ್ಚಿ ಮೆಲ್ಲನೆ ಕೂತರು.

ಭಾವ ಚೀಲ ತಂದಿಟ್ಟು, ಇವನನ್ನು ಈಗಲೇ ಗಾಡಿಗೆ ಹತ್ತಿಸುವುದಾ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಮಾಮಿ ಹೇಳಿದರು.

“ಇವ ಎದ್ದನಾ? ಇಲ್ಲವಲ್ಲ. ನೀನು ಹೊರಡು. ತೋಟಕ್ಕೆ ನಾಯಿ ಬೇಕಾದರೆ ಮೊದಲು ಒಂದು ಗೂಡು ಕಟ್ಟಿಸು.”

ಅಮ್ಮ ಬೆಲ್ಲ, ನೀರು ತಂದಾಗ ಮಾಮಿ ಅವಳ ಕಡೆ ನೋಡದೆ ನೀರು ಕುಡಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಲೋಟ ಕೆಳಗಿಟ್ಟು ನನ್ನನ್ನು ಕರೆದರು.

“ಪ್ರಾಪ್ತಿ, ಅವನನ್ನು ಇಲ್ಲಿಗೆ ತಾ. ಮೂಸಿ ನೋಡ್ಲಿ. ನಾನು ಈ ಮನೆಯಲ್ಲಿರುವವಳು ಅಂತ ಅವನಿಗೂ ಗೊತ್ತಾಗ್ಲಿ.”

ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಹೆಜ್ಜೆಹೆಜ್ಜೆಗೆ ಕೂರಿಸುತ್ತಾ ಅವನನ್ನು ಕರೆದೊಯ್ದೆ. ಹೊರಗೆ ಓಮ್ನಿ ಹಿಂದಕ್ಕೆ ಸರಿಯುವ ಸದ್ದಾಯಿತು. ಬೊಳ್ಳು ವಾಕರಿನ ಕಾಲು ಮೂಸಿದ, ಮಾಮಿಯ ಪಾದ ಮೂಸಿದ, ಮೈಯೆಲ್ಲ ನಡುಗಿಸುತ್ತಾ ತಲೆಯೆತ್ತಿದ. ಮಾಮಿಯ ಕೈ ಅವನ ತಲೆಯ ಹತ್ತಿರ ಬಂದು ಅರ್ಧದಲ್ಲಿ ನಿಂತಿತು.

“ಹಿಡ್ಕೊಂಡಿದ್ದೀಯಲ್ಲ?”

“ಹಿಡ್ಕೊಂಡಿದ್ದೇನೆ ಮಾಮಿ.”